ಬನಿಯನ್ನಿನೊಳಗಿನ ಪ್ರಯೋಗ

ಹೆಡ್ ಗುಮಾಸ್ತರು ತಮ್ಮ ಮೊಬೈಲನ್ನು ಚಾರ್ಜಿಗೆ ಹಾಕಲು ಯಾವುದೋ ಒಂದು ಪ್ಲಗ್ಗು ಕಿತ್ತರು. ನಡೆದದ್ದು ಇಷ್ಟೇ. ಅದು ವಿಜ್ಞಾನಿ ಸೀಸೆ ಒಯ್ಯುವ ಬಿಸಿಪೆಟ್ಟಿಗೆಯ ಪ್ಲಗ್ಗು ಎಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಕೀಳುತ್ತಿದ್ದರು, ಆ ಮಾತು ಬೇರೆ.

ಬೆಳಿಗ್ಗೆ ವಿಜ್ಞಾನಿ ಬಂದು ನೋಡಿದರೆ ಪೆಟ್ಟಿಗೆಯ ಬ್ಯಾಟರಿ ಪೂರ್ತಿ ಖಾಲಿ. ಊರಿನ ಆ ತುದಿಯ ಮುಖ್ಯ ಕಚೇರಿಯಲ್ಲಿ ಸಮಿತಿ ಕಾಯುತ್ತಿತ್ತು. ಅಲ್ಲಿಗೆ ಅವನು ಅಂಗೈಯಗಲದ ಎರಡು ಸೀಸೆಗಳನ್ನು ಮೈಬಿಸಿಯಷ್ಟೇ ಬೆಚ್ಚಗೆ ಒಯ್ಯಬೇಕಿತ್ತು. ಎರಡರಲ್ಲೂ ಗುಲಾಬಿ ದ್ರವ, ದ್ರವದಲ್ಲಿ ಸ್ತನ ಕ್ಯಾನ್ಸರಿನ ಕೋಶಗಳು. ಒಂದಕ್ಕೆ ಅವನ ಹೊಸ ಔಷಧಿ ಬಿದ್ದಿತ್ತು, ಇನ್ನೊಂದಕ್ಕೆ ಇಲ್ಲ.

ಹನ್ನೆರಡು ವರ್ಷದಿಂದ ಅವನು ಬೆನ್ನುಹತ್ತಿದ್ದು ಕ್ಯಾನ್ಸರಿನ ಕಾಂಡಕೋಶಗಳನ್ನು. ಬೇರೆ ಕೋಶಗಳೆಲ್ಲ ಔಷಧಿಗೆ ಸತ್ತರೂ ಇವುಗಳಲ್ಲಿ ಒಂದಷ್ಟು ಮೂಲೆಯಲ್ಲಿ ಅವಿತು ಉಳಿದು, ಆಮೇಲೆ ಹೊಸದಾಗಿ ಸಂಸಾರ ಹೂಡುತ್ತವೆ. ವಾಸಿಯಾಯಿತೆಂದುಕೊಂಡ ರೋಗ ತಿರುಗಿ ಬರುವುದಕ್ಕೆ ಇದೂ ಒಂದು ದಾರಿ. ಸೂಕ್ಷ್ಮದರ್ಶಕದಲ್ಲಿ ಅವು ಹಸಿರಾಗಿ ಹೊಳೆಯುವಂತೆ ಅವನು ಗುರುತು ಹಾಕಿಟ್ಟಿದ್ದ. ಪ್ರತಿ ಸಲವೂ ಔಷಧಿ ಹಾಕಿದ ಸೀಸೆಯಲ್ಲಿ ನಾಲ್ಕಾರು ಹಸಿರು ಚುಕ್ಕೆ ಉಳಿದು ಅವನನ್ನು ಅಣಕಿಸುತ್ತಿದ್ದವು. ಇವತ್ತೂ ಉಳಿದರೆ ಕೆಲಸ ಬಿಟ್ಟು ಮನೆಗೆ ಹೋಗಬಹುದು ಎಂದು ಸಮಿತಿ ಹೇಳಿಯಾಗಿತ್ತು.

ಮೈಬಿಸಿಗೆ ಮೈಯೇ ಗತಿ ಎಂದುಕೊಂಡ ವಿಜ್ಞಾನಿ, ಸೀಸೆಗಳನ್ನು ಬನಿಯನ್ನಿನೊಳಗೆ ಇಳಿಸಿ, ಎಡಕ್ಕೊಂದು ಬಲಕ್ಕೊಂದು ಅಂಗೈಯಲ್ಲಿ ಒತ್ತಿಹಿಡಿದು ಬಸ್ಸು ಹತ್ತಿದ. ಜಾರಿಬಿದ್ದರೆ ಗತಿಯೇನೆಂಬ ಹೆದರಿಕೆಗೆ ಬೆವರು ಇಳಿಯುತ್ತಿತ್ತು.

ಅದೇ ಬಸ್ಸಿನಲ್ಲಿ ಎದುರುಮನೆ ದೊಡ್ಡಮ್ಮ ಇದ್ದರು. ಎರಡು ವರ್ಷದ ಹಿಂದೆ ಇದೇ ರೋಗಕ್ಕೆ ಚಿಕಿತ್ಸೆ ಪಡೆದು ಗೆದ್ದು ಬಂದ ಹೆಂಗಸು. ಅಂದಿನಿಂದ ಬೀದಿಗೆಲ್ಲ ಅವರು ಅರ್ಧ ಡಾಕ್ಟರು. ಅವರ ಲೆಕ್ಕದಲ್ಲಿ ಪೂರ್ತಿ.

"ಯಾಕೋ ಎದೆ ಹಿಡ್ಕೊಂಡಿದ್ದೀಯಾ?"

"ಏನಿಲ್ಲ ದೊಡ್ಡಮ್ಮ."

"ಏನಿಲ್ಲ ಅನ್ನೋರೇ ಮೊದ್ಲು ಬೀಳೋದು. ಕೈ ತೆಗಿ, ನೋಡೋಣ."

"ತೆಗೆಯೋಕಾಗಲ್ಲ!"

"ಅಯ್ಯೋ, ಕೈ ಬೇರೆ ಬರ್ತಿಲ್ವಂತೆ! ಡ್ರೈವರ್, ಆಸ್ಪತ್ರೆ ಮುಂದೆ ನಿಲ್ಸಪ್ಪಾ!"

ದಾರಿಯುದ್ದಕ್ಕೂ ಅವರ ಬಾಯಿಗೆ ಬಿಡುವಿರಲಿಲ್ಲ. "ಹೊತ್ತಿಗೆ ಸರಿಯಾಗಿ ಉಣ್ಣಲ್ಲ, ಮಲಗಲ್ಲ, ಬರೀ ಸೀಸೆ ಕಾಯ್ಕೊಂಡು ಕೂತಿರ್ತೀಯ, ಪೆದ್ದಪ್ಪ! ಬುದ್ಧಿ ಇದ್ಯಾ ನಿಂಗೆ?" ನಾಲ್ಕು ಜನ ಪ್ರಯಾಣಿಕರು ಮನೆ ಬದಲಿಸುವಾಗ ಬೀರು ಎತ್ತುವವರಂತೆ ಅವನನ್ನು ಎತ್ತಿ ಇಳಿಸಿದರು. ಮೇಲೆ ಕೆಳಗೆ ಕುಲುಕಿಸಿಕೊಂಡು ಅವನು ಆಸ್ಪತ್ರೆಯ ಮೆಟ್ಟಿಲು ಹತ್ತಿದ.

ಅವನು ಬಾಯಿ ತೆರೆಯುವ ಮೊದಲೇ ನರ್ಸು ಸೊಂಟಕ್ಕೆ ಸೂಜಿ ಚುಚ್ಚಿಯಾಗಿತ್ತು. ಡಾಕ್ಟರು ಅಂಗಿಯ ಗುಂಡಿ ಬಿಚ್ಚಿ, ಬನಿಯನ್ನಿಗೆ ಕೈಹಾಕಿ, ಗುಲಾಬಿ ಸೀಸೆಗಳನ್ನು ಒಂದೊಂದಾಗಿ ಹೊರಗೆ ತೆಗೆದರು.

"ಇದೇನ್ರೀ ಇದು?"

"ಕ್ಯಾನ್ಸರ್ ಸರ್! ತಣ್ಣಗಾಗ್ತಿದೆ, ಬೇಗ ಕೊಡಿ!"

ಡಾಕ್ಟರು ತಲೆಯ ಡಾಕ್ಟರಿಗೆ ಹೇಳಿಕಳಿಸುವುದರಲ್ಲಿದ್ದರು. ಅಷ್ಟರಲ್ಲಿ ದೊಡ್ಡಮ್ಮನಿಗೆ ವಿಷಯ ಹೊಳೆಯಿತು. ಅವರ ಮುಖ ಒಮ್ಮೆಗೇ ಬದಲಾಯಿತು. ಡಾಕ್ಟರ ಕೈಯಿಂದ ಸೀಸೆ ಕಿತ್ತು ನರ್ಸಿನ ಕೈಗೆ ತುರುಕಿ, "ಎಳೆಗೂಸುಗಳನ್ನ ಬೆಚ್ಚಗಿಡೋ ಪೆಟ್ಟಿಗೆ ಇದ್ಯಲ್ಲ, ಖಾಲಿ ಇರೋದ್ರಲ್ಲಿ ಇಡಮ್ಮ, ಓಡು!" ಎಂದರು. ನರ್ಸು ಓಡಿದಳು. ಮೊದಲ ಮಗುವನ್ನು ನೋಡಲು ಬಂದಿದ್ದ ಯಾರೋ ಒಬ್ಬ ತಂದೆ ತಪ್ಪು ಪೆಟ್ಟಿಗೆಗೆ ಇಣುಕಿ, ಎರಡು ಸೀಸೆ ಕಂಡು ಗೋಡೆ ಹಿಡಿದು ಕುಸಿದ. ಆ ಸಲದ ಸೂಜಿ ಅವನಿಗೆ ಬಿತ್ತು.

ಅಂತೂ ಇಂತೂ ಸೀಸೆಗಳನ್ನು ಮತ್ತೆ ಬನಿಯನ್ನಿಗಿಳಿಸಿ, ಸೂಜಿಯ ಅಮಲಿನಲ್ಲಿ ತೂರಾಡುತ್ತ ವಿಜ್ಞಾನಿ ಸಮಿತಿಯ ಮುಂದೆ ನಿಂತಾಗ ಎಲ್ಲರೂ ಗಡಿಯಾರ ನೋಡುತ್ತಿದ್ದರು. ಅಧ್ಯಕ್ಷೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಔಷಧಿಯಿಲ್ಲದ ಸೀಸೆಯಲ್ಲಿ ಹಸಿರು ಚುಕ್ಕೆಗಳು ಸಂತೆ ನೆರೆದಿದ್ದವು. ಔಷಧಿಯ ಸೀಸೆಯನ್ನು ಅವರು ಆ ಕಡೆ ಸರಿಸಿದರು, ಈ ಕಡೆ ಸರಿಸಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಒಂದೂ ಇಲ್ಲ!"

ವಿಜ್ಞಾನಿ ತಾನೂ ನೋಡಿದ. ನಿಜವಾಗಿಯೂ ಒಂದೂ ಇರಲಿಲ್ಲ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಆ ಗಾಜಿನಡಿ ಬರೀ ಕತ್ತಲೆ ಕಂಡು ಅವನಿಗೆ ಅಳು ಬಂತು. ಸಂತೋಷವೆಂದರೆ ಇದೇ ಇರಬೇಕು ಅನ್ನಿಸಿತು.

"ಹೋದ ಸಲಕ್ಕೂ ಈ ಸಲಕ್ಕೂ ಏನು ಬೇರೆ ಮಾಡಿದ್ರಿ?" ಅಧ್ಯಕ್ಷೆ ಕೇಳಿದರು. ಅವನು ಮೊಬೈಲ್ ಚಾರ್ಜಿನಿಂದ ಹಿಡಿದು ಎಲ್ಲವನ್ನೂ ಹೇಳಿದ. ಯಾರೂ ನಗಲಿಲ್ಲ. ಅವರೆಲ್ಲ ವಿಜ್ಞಾನಿಗಳು.

"ಬಿಸಿಯೋ, ಕುಲುಕಾಟವೋ, ಬೆವರೋ, ಯಾವುದು ಸಹಾಯ ಮಾಡ್ತೋ ಗೊತ್ತಿಲ್ಲ. ಒಂದು ಸಲ ಆದದ್ದನ್ನ ನಾವು ಒಪ್ಪೋ ಹಾಗಿಲ್ಲ. ಇನ್ನೂ ಮೂರು ಸಲ ಮಾಡಿ ತೋರಿಸಿ. ಕೂದಲೆಳೆಯಷ್ಟೂ ಬದಲಾಗಬಾರದು."

"ಮೇಡಂ, ಹೊಸ ಬ್ಯಾಟರಿ..."

"ಪೆಟ್ಟಿಗೆ ಮುಟ್ಟೋ ಹಾಗೇ ಇಲ್ಲ. ಬನಿಯನ್ನೇ."

"ಆ ಸೂಜಿ?"

"ಸೂಜಿಯೂ ಸೇರಿ."

"ನನ್ನ ಕೆಲಸ?"

"ಮೂರೂ ಮುಗೀಲಿ, ಆಮೇಲೆ ನೋಡೋಣ."

ಸಂಜೆ ವಿಜ್ಞಾನಿ ಸೊಂಟ ಉಜ್ಜಿಕೊಳ್ಳುತ್ತ ಎದುರುಮನೆಯ ಬಾಗಿಲು ತಟ್ಟಿದ.

"ದೊಡ್ಡಮ್ಮ, ಈ ಸಲ ಒಂದೂ ಉಳಿದಿರಲಿಲ್ಲ."

ದೊಡ್ಡಮ್ಮನ ಕಣ್ಣು ತುಂಬಿತು. ಅವರು ಅತ್ತದ್ದನ್ನು ಆ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನು ತಿರುಗಿ ಬರಲ್ವೇನೋ?" ಎಂದರು.

"ಈಗ್ಲೇ ಹೇಳೋಕಾಗಲ್ಲ. ಆದ್ರೆ ದಾರಿ ಸಿಕ್ಕಿದೆ. ಇನ್ನೂ ಮೂರು ಸಲ ಹೀಗೇ ಮಾಡ್ಬೇಕಂತೆ. ಅದೇ ಬಸ್ಸು, ಅದೇ ಆಸ್ಪತ್ರೆ. ನೀವೂ ಬರ್ಬೇಕು."

"ಮೂರಲ್ಲ, ಮೂವತ್ತು ಸಲ ಬರ್ತೀನಿ. ಅಲ್ಲಾ, ದಾರೀಲೆಲ್ಲ ನಿನ್ನ ಬಾಯಿಗೆ ಬಂದಂಗೆ ಬೈದೆನಲ್ಲ, ಅದೂ ಬೇಕಾ?"

ವಿಜ್ಞಾನಿ ನಿಟ್ಟುಸಿರು ಬಿಟ್ಟ. "ಅದೂ ಬೇಕು ದೊಡ್ಡಮ್ಮ. ಒಂದಕ್ಷರ ಬಿಡೋ ಹಾಗಿಲ್ಲ."

"ಹಾಗಾದ್ರೆ ನೆನಪು ಮಾಡ್ಕೋತೀನಿ, ನಿಂತ್ಕೋ," ಎಂದು ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ಮೊದಲಿನಿಂದ ಶುರುಮಾಡಿದರು.