ನಡುವಿನ ರಾಶಿ

ಎರಡರಲ್ಲಿ ಒಂದನ್ನು ಆರಿಸುವುದು ನನ್ನಿಂದಾಗದ ಕೆಲಸ. ಖಾನಾವಳಿಯಲ್ಲಿ ರೊಟ್ಟಿಯೋ ಚಪಾತಿಯೋ ಎಂದು ಕೇಳಿದರೆ ಪಕ್ಕದವರ ತಾಟು ನೋಡುತ್ತೇನೆ. ಇಂಥ ನನಗೆ ಇಂಡಿ ಊರಿನ ನಮ್ಮ ಕಾಲೇಜಿನಲ್ಲಿ ವೃತ್ತಿ ಮಾರ್ಗದರ್ಶನದ ಹೊಣೆ! ಕ್ರೀಡೆ, ಗ್ರಂಥಾಲಯ, ಪ್ರವಾಸಗಳನ್ನೆಲ್ಲ ಉಳಿದ ಉಪನ್ಯಾಸಕರು ಚಕಚಕನೆ ಹಂಚಿಕೊಂಡರು. ನಾನು ಯೋಚಿಸುತ್ತ ಕುಳಿತಿದ್ದೆ. ಮಿಕ್ಕಿದ್ದು ನನ್ನ ಕೊರಳಿಗೆ ಬಿತ್ತು. ಸಲಹೆ ಕೇಳಿ ಬಂದ ಮಕ್ಕಳಿಗೆಲ್ಲ "ಎರಡೂ ಚಲೋ ಅದಾವ" ಎಂದು ಹೇಳಿ ಪಾರಾಗುತ್ತಿದ್ದೆ.

ರೇಣುಕಾ ಮಾತ್ರ ಬಿಡಲಿಲ್ಲ. ಈಗಷ್ಟೇ ಪಿಯುಸಿ ಮುಗಿಸಿದ ಹುಡುಗಿ. ನರ್ಸಿಂಗ್‌ಗೂ ಸೀಟು ಸಿಕ್ಕಿತ್ತು, ಶಿಕ್ಷಕರ ತರಬೇತಿಗೂ ಸಿಕ್ಕಿತ್ತು. ಶನಿವಾರ ಸಂಜೆಯೊಳಗೆ ಒಂದಕ್ಕೆ ಒಪ್ಪಿಗೆ ಕೊಡದಿದ್ದರೆ ಎರಡೂ ಕೈತಪ್ಪುತ್ತಿದ್ದವು. "ನೀವ ಹೇಳ್ರಿ ಸರ. ನೀವು ಹೇಳಿದ್ದಕ್ಕ ಹೋಗ್ತೇನಿ" ಎಂದುಬಿಟ್ಟಳು. ನನಗೆ ಮೂರು ದಿನ ಊಟ ಸೇರಲಿಲ್ಲ. ಶನಿವಾರ ಬೆಳಿಗ್ಗೆ, ನನಗೆ ತಿಳಿಯದು ಎಂದು ಒಪ್ಪಿಕೊಂಡು ಬರೋಣವೆಂದು ಅವಳ ಮನೆಗೇ ಹೋದೆ.

ಅಂಗಳದಲ್ಲಿ ರೇಣುಕಾ ಮತ್ತು ಅವಳ ತಾಯಿ ಶಾಂತವ್ವ ನಿಂಬೆಹಣ್ಣು ಬೇರ್ಪಡಿಸುತ್ತಿದ್ದರು. ಪೇಟೆಗೆ ಹೋಗುವ ದಪ್ಪ ಹಣ್ಣು ಬಲಕ್ಕೆ, ಸಣ್ಣವು ಎಡಕ್ಕೆ. ಬಂದ ವಿಷಯ ಹೇಳಲು ನಾಲಿಗೆ ಏಳದೆ ನಾನೂ ಕೈಹಾಕಿದೆ. ಒಂದೊಂದನ್ನೂ ತಿರುವಿ ತಿರುವಿ ನೋಡುತ್ತಿದ್ದಂತೆ ನನ್ನ ಮುಂದೆ ಮೂರನೆಯ ರಾಶಿಯೊಂದು ಬೆಳೆಯಿತು.

"ಇದೇನ್ರಿ ಸರ?" ಎಂದಳು ಶಾಂತವ್ವ.

"ದಪ್ಪೋ ಸಣ್ಣೋ ತಿಳೀವಲ್ದವ್ವ."

"ನಡುವಿನ ರಾಶಿಗೆ ಗಿರಾಕಿ ಇಲ್ರಿ! ಲಿಂಬಿ ಹಿಡಿದ ಕೂಡ್ಲೆ ಒಗೀಬೇಕು. ಕೈಗೆ ಗೊತ್ತಿರತೈತಿ."

ನನಗೇನು ಹೊಳೆಯಿತೋ, ರೇಣುಕಾ ಹಣ್ಣು ಎಸೆಯುತ್ತಿದ್ದಾಗಲೇ ಕೇಳಿದೆ: "ನರ್ಸೋ, ಟೀಚರೋ?"

"ನರ್ಸ್ ಆಗ್ತೇನ್ರಿ." ಕೈ ನಿಲ್ಲಲೇ ಇಲ್ಲ. ಆಮೇಲೆ ತಾಯಿಯ ಮುಖ ನೋಡಿ ಕೈ ನಿಲ್ಲಿಸಿದಳು. "ನಮ್ಮಜ್ಜಿ ದವಾಖಾನಿಯೊಳಗ ಇದ್ದಾಗಿಂದ ಹಂಗ ಅನಸಾಕತ್ತೈತ್ರಿ. ಅವ್ವಗ ನಾ ಟೀಚರ್ ಆಗೂದು ಬೇಕಾಗೈತಿ ಅಂತ ಸುಮ್ನಿದ್ದೆ."

"ನಾ ಯಾವಾಗ ಅಂದೇನ?" ಶಾಂತವ್ವ ರೇಗಿದಳು. "ಸರ್ ಹೇಳಿದಂಗ ಕೇಳ್ತೇನಿ ಅಂದಾಕಿ ನೀನ. ಅವರು ಮಾಸ್ತರು, ಮಾಸ್ತರಕಿ ಕೆಲಸಾನ ಹೇಳ್ತಾರ ಅಂತ ನಾ ಬಾಯಿ ಮುಚ್ಕೊಂಡು ಕುಂತೇನಿ!"

ಮಧ್ಯಾಹ್ನದೊಳಗೆ ರೇಣುಕಾ ಮೊಬೈಲಿನಲ್ಲೇ ನರ್ಸಿಂಗ್‌ಗೆ ಒಪ್ಪಿಗೆ ಕೊಟ್ಟಳು. ಎದೆಯ ಮೇಲಿನ ಭಾರ ಇಳಿದು ಅಲ್ಲೇ ಎರಡು ರೊಟ್ಟಿ ಉಂಡೆ. ಏನೂ ಹೇಳದ ನನಗೆ ತಾಯಿ ಮಗಳು ಕೈಮುಗಿದದ್ದು ಕಂಡು ನಾಚಿಕೆಯಾಯಿತು. ಆದರೂ ಒಳಗೊಳಗೇ ಹಿಗ್ಗಿದೆ. ಹೊರಡುವಾಗ ಶಾಂತವ್ವ ನಡುವಿನ ರಾಶಿಯನ್ನೆಲ್ಲ ಚೀಲಕ್ಕೆ ತುಂಬಿ ಕೊಟ್ಟಳು.

ಮನೆಯಲ್ಲಿ ಹೆಂಡತಿ ಚೀಲ ಬಿಚ್ಚಿ, "ಉಪ್ಪಿನಕಾಯಿ ಹಾಕ್ಲೋ, ಪಾನಕ ಮಾಡ್ಲೋ?" ಎಂದು ಕೇಳಿದಳು.

"ಎರಡೂ ಚಲೋ ಅದಾವ" ಎಂದೆ.

ರೇಣುಕಾ ನರ್ಸಿಂಗ್ ಕಾಲೇಜು ಸೇರಿ ಎಂಟು ದಿನವಾಯಿತು. ಹಣ್ಣುಗಳು ಇನ್ನೂ ನಮ್ಮ ಬುಟ್ಟಿಯಲ್ಲೇ ಇವೆ.