ಎರಡೇ ನಿಮಿಷದ ಕಾವಲು

ನಬೀಹ್ ಅಫೀಫಿ ಮೇಷ್ಟ್ರ ಆ ದಿನ ಹಾಳಾಗಲು ಕಾರಣ ಅವರ ಎಡಗಾಲಿನ ಬೂಟಿನೊಳಗೆ ಹೊಕ್ಕ ಒಂದು ಕಲ್ಲು. ಕಡಲೆಕಾಳಿನಷ್ಟೂ ದೊಡ್ಡದಲ್ಲ. ಹಾಗೇ ಕುಂಟಿಕೊಂಡು ಹೋಗಿದ್ದರೆ ಹತ್ತು ನಿಮಿಷದಲ್ಲಿ ಅಲೆಕ್ಸಾಂಡ್ರಿಯಾದ ಕೈತ್‌ಬೇ ಕೋಟೆಯ ಬಾಗಿಲಲ್ಲಿ ಇರುತ್ತಿದ್ದರು. ಆದರೆ ಮೇಷ್ಟ್ರದು ಸಹಿಸುವ ಜಾಯಮಾನವಲ್ಲ. ಅನ್ಫೂಷಿ ಕಡಲ ದಂಡೆಗೆ ಇಳಿದು, ಖಾಲಿ ಕಂಡ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬೂಟು ಬಿಚ್ಚಿದರು.

ಕೈರೋದ ಶಾಲೆಯೊಂದರಲ್ಲಿ ಅವರು ಭೂಗೋಳದ ಮೇಷ್ಟ್ರು. ಕೋಟೆಯ ಮಾತು ಬಂದರೆ ಸಾಕು, ಅದರೊಳಗೇ ಹುಟ್ಟಿ ಬೆಳೆದವರಂತೆ ಬಣ್ಣಿಸುತ್ತಿದ್ದರು. ಇಲ್ಲಿ ಮೆಟ್ಟಿಲು, ಅಲ್ಲಿ ಫಿರಂಗಿ ಕಿಂಡಿ, ಇಂಥ ಕಡೆಯಿಂದ ನೋಡಿದರೆ ಕಡಲು ಹೀಗೆ ಕಾಣುತ್ತದೆ. ಅಸಲಿಗೆ ಅವರು ಅದರ ಹೊಸ್ತಿಲನ್ನೂ ತುಳಿದಿರಲಿಲ್ಲ. ಈ ಬಣ್ಣನೆ ಹೆಡ್‌ಮೇಷ್ಟ್ರ ಕಿವಿಗೆ ಬಿದ್ದು, ಮರುದಿನದ ಅಧ್ಯಾಪಕರ ಪ್ರವಾಸಕ್ಕೆ ನಬೀಹ್ ಅವರೇ ಗೈಡ್ ಎಂದು ತೀರ್ಮಾನವಾಗಿತ್ತು. ಅದಕ್ಕೇ ಮೇಷ್ಟ್ರು ಹೊಟ್ಟೆನೋವೆಂದು ರಜೆ ಹಾಕಿ, ಬೆಳಗಿನ ರೈಲು ಹಿಡಿದು, ಕಳ್ಳನಂತೆ ಬಂದಿದ್ದರು. ಕೋಟೆಗೆ ನಾಲ್ಕು ಗಂಟೆಗೆ ಬೀಗ. ಅಷ್ಟರೊಳಗೆ ಒಂದು ಸುತ್ತು ಹಾಕಿದರೆ ಮಾನ ಉಳಿಯುತ್ತಿತ್ತು.

ಒಬ್ಬರೇ ಬಂದದ್ದರ ಬಗ್ಗೆ ಅವರಿಗೆ ಹೆಮ್ಮೆಯೂ ಇತ್ತು. ಊರು ನೋಡುವುದೆಂದರೆ ಹೀಗೆ. ಕೈಯಲ್ಲಿ ಸಾಮಾನಿಲ್ಲ, ಹಿಂದೆ ಹೆಂಡತಿಯ ಅಣ್ಣತಮ್ಮಂದಿರಿಲ್ಲ. ದಂಡೆಯಲ್ಲಿದ್ದ ಜನವನ್ನು ಅವರು ಕುರಿಗಳ ಸಂತೆ ನೋಡುವವರಂತೆ ನೋಡಿದರು. ಸ್ಟವ್ವು, ಕಲ್ಲಂಗಡಿ, ಚಾಪೆ, ದಿಂಬು. ಕಡಲಿಗೆ ಬಂದಿದ್ದಾರೋ ಮನೆ ಖಾಲಿ ಮಾಡಿಕೊಂಡು ಬಂದಿದ್ದಾರೋ!

"ಅಣ್ಣಾ, ಒಂಚೂರು ನಮ್ಮ ಸಾಮಾನಿನ ಮೇಲೆ ಕಣ್ಣಿಡ್ತೀರಾ? ಎರಡೇ ನಿಮಿಷ."

ಪಕ್ಕದ ಕೊಡೆಯಡಿ ಒಬ್ಬ ದಪ್ಪ ಹೆಂಗಸು ಎದ್ದು ನಿಂತಿದ್ದಳು. ತಂತಾ ಊರಿನಿಂದ ಬಂದ ಇನ್ಶಿರಾಹ್. ಹಿಂದೆ ಗಂಡ ಹಾಜಿ ಬಯೂಮಿ, ಅವನ ಹಿಂದೆ ಎಣಿಸಲು ಬಿಡದೆ ಓಡಾಡುವ ಮಕ್ಕಳು.

"ನಾನು ಹೊರಟಿದ್ದೀನಮ್ಮ..."

"ಮುಖ ನೋಡಿದ್ರೇ ಗೊತ್ತಾಗತ್ತೆ, ಓದಿದೋರು, ಮರ್ಯಾದಸ್ಥರು. ಈ ದಂಡೇಲಿ ನಂಬೋಕೆ ಬೇರೆ ಯಾರಿದ್ದಾರೆ ಹೇಳಿ?"

ಇದು ಮೇಷ್ಟ್ರ ಅಭಿಪ್ರಾಯವೂ ಆಗಿದ್ದರಿಂದ ಅವರಿಗೆ ಅಲ್ಲಗಳೆಯಲಾಗಲಿಲ್ಲ. ತಲೆಯಾಡಿಸಿದರು. ಕುಟುಂಬ ಜನಜಂಗುಳಿಯಲ್ಲಿ ಕರಗಿಹೋಯಿತು.

ಕಲ್ಲು ಹೊರಬಿತ್ತು, ಬೂಟು ಕಾಲಿಗೇರಿತು, ಇನ್ಶಿರಾಹ್ ಬರಲಿಲ್ಲ. ಬಂದವನು ಇನ್ನೊಂದು ಕೊಡೆಯ ಇಸ್ಮತ್ ಬೇ. ಸೇನೆಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು; ಮಾತು ಮಾತ್ರ ದಂಡನಾಯಕನದು. ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿ ಬೇಯಿಸಿದ ದೊಡ್ಡ ಪಾತ್ರೆಯನ್ನು ತಂದು ಮೇಷ್ಟ್ರ ಕಾಲ ಬುಡದಲ್ಲಿ ಇಟ್ಟ.

"ಹೇಗೂ ಕಾವಲು ಕೂತಿದ್ದೀರಿ. ಇದನ್ನೂ ನೋಡ್ಕೊಳ್ಳಿ. ಬೆಕ್ಕುಗಳು ಬಹಳ."

"ನಾನೇನು ಕಾವಲುಗಾರನಲ್ಲ ಸ್ವಾಮಿ! ಮೇಷ್ಟ್ರು!"

"ಇನ್ನೂ ಒಳ್ಳೇದಾಯ್ತು. ಹಾಗಾದ್ರೆ ನಮ್ಮತ್ತೇನೂ ಇಲ್ಲೇ ಬಿಡ್ತೀನಿ." ಮಡಿಸುವ ಕುರ್ಚಿಯ ಸಮೇತ ಮುದುಕಿಯೊಬ್ಬಳನ್ನು ಎಳೆದು ತಂದು ನಿಲ್ಲಿಸಿದ. ಮುದುಕಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. "ತೊಂದರೆ ಕೊಡೋಲ್ಲ. ಎದ್ದರೆ ನೀರು ಕೊಡಿ." ಎಂದವನೇ ಅಲೆಗಳ ಕಡೆ ಓಡಿದ.

ಮೇಷ್ಟ್ರು ಕೊಡೆ ಬಾಡಿಗೆಗೆ ಕೊಡುವ ದುಸೂಕಿಯನ್ನು ಕೂಗಿ ಕರೆದರು. "ಏನಪ್ಪಾ, ಇವನ್ನೆಲ್ಲ ನೀನು ನೋಡ್ಕೋ. ನಾನು ಕೋಟೆಗೆ ಹೋಗಬೇಕು."

"ಯಾರು ವಹಿಸಿಕೊಂಡಿದ್ದು?"

"ನಾನೇ, ಆದರೆ..."

"ಒಪ್ಪಿಕೊಂಡ ಮೇಲೆ ಮುಗೀತು! ನಂಬಿ ಬಿಟ್ಟುಹೋದ ಸಾಮಾನು. ನಾಳೆ ದೇವರೆದುರು ಉತ್ತರ ಕೊಡೋರು ನೀವೋ ನಾನೋ?" ದುಸೂಕಿಯ ದನಿಗೆ ಅಕ್ಕಪಕ್ಕದ ಹತ್ತಾರು ತಲೆಗಳು ತಿರುಗಿದವು. "ನೋಡ್ರೀ, ಕೈರೋದೋರಂತೆ. ಸಾಮಾನು ಬಿಟ್ಟು ಓಡಿಹೋಗ್ತಾರಂತೆ!"

"ಕೈರೋದೋರು ಅಷ್ಟೇ ಬಿಡಿ," ಎಂದಳು ಕಲ್ಲಂಗಡಿ ಕೊಯ್ಯುತ್ತಿದ್ದವಳೊಬ್ಬಳು. ಅವಳ ಮನೆಯವರು ತಮ್ಮ ಚಪ್ಪಲಿ, ಗಾಳಿ ತುಂಬಿದ ಟ್ಯೂಬು, ಒಂದು ರೇಡಿಯೋವನ್ನು ಮೇಷ್ಟ್ರ ಹತ್ತಿರ ಪೇರಿಸಿ ನೀರಿಗೆ ಹೋದರು. ಕೈರೋದವರನ್ನು ನಂಬಬಾರದು ಎಂದ ಬಾಯಿ ಮುಚ್ಚುವ ಮೊದಲೇ ಈ ಕೆಲಸವಾಗಿತ್ತು.

ಬಿಸಿಲು ನೆತ್ತಿಯಿಂದ ಮೂಗಿಗೆ ಇಳಿಯಿತು. ದಂಡೆಯ ಆ ತುದಿಯಲ್ಲಿ ಕೋಟೆ ಬೆಣ್ಣೆಯಲ್ಲಿ ಕಡೆದಿಟ್ಟ ಹಾಗೆ ಹೊಳೆಯುತ್ತಿತ್ತು. ಮಧ್ಯೆ ಮಧ್ಯೆ ಬೆಕ್ಕುಗಳು ಪಾತ್ರೆಯ ಮೇಲೆ ದಾಳಿಯಿಟ್ಟವು. ಮೇಷ್ಟ್ರು ಮಕ್ಕಳ ಟ್ಯೂಬು ಬೀಸಿ ಹಿಮ್ಮೆಟ್ಟಿಸಿದರು. ಭೂಗೋಳ ಓದಿದ್ದು ಇದಕ್ಕಾಗಿಯೇ ಎನಿಸುವಂತಿತ್ತು.

ಮೂರು ಗಂಟೆ ದಾಟಿದಾಗ ಅವರಿಗೆ ಒಂದು ಉಪಾಯ ಹೊಳೆಯಿತು. ಸಾಮಾನು ಬಿಟ್ಟು ಹೋಗಬಾರದು ತಾನೆ? ಹೊತ್ತುಕೊಂಡೇ ಹೋದರಾಯಿತು. ಇನ್ಶಿರಾಹ್‌ಳ ಚೀಲಗಳನ್ನು ಎರಡು ಹೆಗಲಿಗೆ, ಟ್ಯೂಬನ್ನು ಕೊರಳಿಗೆ, ರೇಡಿಯೋವನ್ನು ಕಂಕುಳಿಗೆ ಸಿಕ್ಕಿಸಿ, ಪಾತ್ರೆಗೆ ಕೈಹಾಕಿದರು. ಮುದುಕಿಯನ್ನು ಏನು ಮಾಡುವುದೆಂದು ಯೋಚಿಸುತ್ತಿರುವಾಗಲೇ ಆಕೆ ಕಣ್ಣು ಬಿಟ್ಟಳು.

"ಕಳ್ಳ! ಅಯ್ಯೋ, ಕಳ್ಳ! ಅನ್ನದ ಪಾತ್ರೆ ಹೊತ್ಕೊಂಡು ಹೋಗ್ತಿದಾನೆ!"

ಇಡೀ ದಂಡೆ ಎದ್ದು ಬಂತು. ಒದ್ದೆ ಚಡ್ಡಿಯ ಇಸ್ಮತ್ ಬೇ ಎಲ್ಲರಿಗಿಂತ ಮುಂದೆ.

"ನಾನು ಕಳ್ಳನಲ್ಲ, ಕೋಟೆ ನೋಡೋಕೆ ಹೊರಟಿದ್ದೆ!"

"ಪಾತ್ರೆ ಸಮೇತವಾ?" ಎಂದ ದುಸೂಕಿ. ಜನ ಗೊಳ್ಳೆಂದರು.

"ಕೋಟೆ ಏನು ಓಡಿಹೋಗತ್ತಾ ಮೇಷ್ಟ್ರೇ? ಸುಲ್ತಾನರ ಕಾಲದಿಂದ ಅಲ್ಲೇ ಇದೆ," ಎಂದ ಇಸ್ಮತ್ ಬೇ. ಆಮೇಲೆ ದನಿ ತಗ್ಗಿಸಿ ತೀರ್ಪು ಕೊಟ್ಟ: "ಹೋಗಲಿ ಬಿಡಿ, ಬಿಸಿಲಿಗೆ ತಲೆ ಕೆಟ್ಟಿದೆ. ಪೊಲೀಸು ಗಿಲೀಸು ಬೇಡ. ಬೂಟು ಬಿಚ್ಚಿಸಿ ಇಟ್ಕೊಳ್ಳಿ, ಕೂತಿರ್ತಾರೆ."

ಹಾಗೆ ಮೇಷ್ಟ್ರು ಸಾಮಾನು ಕಾದರು, ಮುದುಕಿ ಮೇಷ್ಟ್ರನ್ನು ಕಾದಳು. ಯಾರೋ ತಟ್ಟೆ ತುಂಬ ದ್ರಾಕ್ಷಿ ಎಲೆಯ ಸುರುಳಿ ತಂದು ತಿನ್ನಿ ತಿನ್ನಿ ಎಂದು ಒತ್ತಾಯಿಸಿದರು. ಕಳ್ಳನೆಂದವರೇ ಉಪಚಾರಕ್ಕೂ ನಿಂತಿದ್ದರು. ಯಾವುದರಲ್ಲೂ ಕಡಿಮೆ ಮಾಡಲಿಲ್ಲ. ಅಷ್ಟರಲ್ಲಿ ನಾಲ್ಕಾಯಿತು. ಕೋಟೆಯಿಂದ ಹೊರಬಿದ್ದ ಜನ ದಂಡೆಯ ರಸ್ತೆಗುಂಟ ಹರಿದುಬಂದರು. ಆ ಗುಂಪಿನಲ್ಲಿ ಐಸ್‌ಕ್ರೀಮ್ ನೆಕ್ಕುತ್ತ, ಟೊಮೇಟೊ ಹಣ್ಣಿನಂತೆ ಕೆಂಪಾಗಿ, ಇನ್ಶಿರಾಹ್!

"ಇಷ್ಟು ಹೊತ್ತು ಎಲ್ಲಿ ಹೋಗಿದ್ರಮ್ಮ?" ಮೇಷ್ಟ್ರು ಕೂತಲ್ಲಿಂದಲೇ ಕೂಗಿದರು.

"ಕೋಟೆಗೆ! ಪ್ರತಿ ವರ್ಷ ಬರ್ತೀವಿ, ಸಾಮಾನು ಯಾರು ನೋಡ್ಕೋತಾರೆ ಅಂತ ಒಂದು ಸಲಾನೂ ಹೋಗಿರ್ಲಿಲ್ಲ. ಈ ಸಲ ನೀವು ಸಿಕ್ಕಿದ್ರಿ. ದೇವರೇ ಕಳಿಸಿದ ಹಾಗೆ!"

ಮುಳುಗುವವನಿಗೂ ಆಸೆ ಬಿಡದು. "ಒಳಗೆ ಎಷ್ಟು ಅಂತಸ್ತು? ಮೆಟ್ಟಿಲು ಎಡಕ್ಕೋ ಬಲಕ್ಕೋ?"

"ಅದನ್ನೆಲ್ಲ ಯಾರು ನೋಡ್ತಾರೆ? ಗಾಳಿ ಮಾತ್ರ ಚೆನ್ನಾಗಿತ್ತು," ಎಂದ ಹಾಜಿ ಬಯೂಮಿ. "ಫೋಟೋ ಇದೆ, ನೋಡಿ."

ಮೇಷ್ಟ್ರು ಮೊಬೈಲನ್ನು ಕಸಿದುಕೊಂಡರು. ಒಂದರಲ್ಲಾದರೂ ಕೋಟೆಯ ಕಲ್ಲು ಕಾಣಲಿಲ್ಲ. ಎಲ್ಲದರಲ್ಲೂ ಬಯೂಮಿ ಕುಟುಂಬದ ಹಲ್ಲು. ಪ್ರತಿಯೊಂದರಲ್ಲೂ ಅವರ ನಡುವೆ ಹಾಜಿಯ ಕೈ ಹೆಗಲ ಮೇಲೆ ಹೊತ್ತ, ಹುಲ್ಲಿನ ಟೋಪಿಯ, ತೆಳ್ಳಗಿನ ಬಿಳಿಯ ಮನುಷ್ಯನೊಬ್ಬ.

"ಇವನ್ಯಾರು?"

"ಯಾವ ದೇಶದೋನೋ ಏನೋ," ಇನ್ಶಿರಾಹ್‌ಳ ಕಣ್ಣು ಒದ್ದೆಯಾಯಿತು. "ಕೋಟೆ ಬಾಗಿಲಲ್ಲಿ ಒಬ್ಬನೇ ನಿಂತಿದ್ದ, ಪಾಪ. ಹಿಂದಿಲ್ಲ ಮುಂದಿಲ್ಲ. ನೋಡಿ ಕರುಳು ಚುರ್ ಅಂತು. ಒಂಟಿಯಾಗಿ ಊರು ನೋಡೋಕೆ ಬಂದೋನನ್ನ ಹಾಗೇ ಬಿಡೋಕಾಗತ್ತಾ? ಮೂಲೆ ಮೂಲೆ ಸುತ್ತಿಸಿ, ಮೀನು ತಿನ್ನಿಸಿ, ಟ್ಯಾಕ್ಸಿ ಹತ್ತಿಸಿ ಬಂದ್ವಿ. ಅದಕ್ಕೇ ತಡವಾಯ್ತು."

"ನಾನೂ ಒಬ್ಬನೇ ಬಂದಿದ್ದು ತಾಯಿ," ಎಂದರು ನಬೀಹ್ ಮೇಷ್ಟ್ರು. "ಕೋಟೆ ನೋಡೋಕೆ."

ಇನ್ಶಿರಾಹ್ ಅವರ ಕೊರಳಲ್ಲಿದ್ದ ಟ್ಯೂಬನ್ನು, ತೊಡೆಯ ಮೇಲಿದ್ದ ತಟ್ಟೆಯನ್ನು, ಅಂಗಿಯ ತುದಿಯನ್ನು ಬಿಗಿಯಾಗಿ ಹಿಡಿದು ಕೂತಿದ್ದ ಮುದುಕಿಯನ್ನು ಒಂದೊಂದಾಗಿ ನೋಡಿದಳು. ಕಿಸಕ್ಕನೆ ನಕ್ಕಳು.

"ಹೋಗಿ ಅಣ್ಣಾ, ತಮಾಷೆ ನಿಮ್ಮದು! ಇಷ್ಟು ದೊಡ್ಡ ಸಂಸಾರ ಕಟ್ಕೊಂಡು ಬಂದು ಒಬ್ಬನೇ ಅಂತೀರಲ್ಲ!"