ದೂರಿನ ಅಭಾವ ನಿವಾರಣೆ

ನಗರದ ನೀರು ಸರಬರಾಜು ಮಂಡಳಿಯು ಯಾವ ತೊಂದರೆಯೂ ಇಲ್ಲದೆ ನಡೆಯುತ್ತಿದ್ದ ಕಾರಣ, ಅದನ್ನು ತುರ್ತಾಗಿ ಸುಧಾರಿಸತಕ್ಕದ್ದೆಂದು ತೀರ್ಮಾನವಾಯಿತು.

ತೀರ್ಮಾನ ಹೊಸ ಅಧ್ಯಕ್ಷರದು. ಅಧಿಕಾರ ವಹಿಸಿಕೊಂಡ ದಿನವೇ ಅವರು ದೂರಿನ ಪೆಟ್ಟಿಗೆ ತೆಗೆಸಿ ನೋಡಿದರು. ಒಳಗೆ ಜೇಡವೊಂದು ಸಂಸಾರ ಹೂಡಿತ್ತು. ಪಂಪ್‌ಮನೆಯ ಮೇಲ್ವಿಚಾರಕಿಗೆ ಕರೆ ಹೋಯಿತು. ಬೆನ್ನು ತಟ್ಟುತ್ತಾರೇನೋ ಎಂದುಕೊಂಡು ಆಕೆ ಗ್ರೀಸು ಮೆತ್ತಿದ ಕೈ ಒರೆಸಿಕೊಳ್ಳುತ್ತಲೇ ಓಡಿಬಂದಳು.

"ಜನಕ್ಕೆ ನಮ್ಮ ನೆನಪೇ ಇಲ್ಲವಲ್ಲಮ್ಮ?"

"ನಲ್ಲಿ ತಿರುಗಿಸಿದ್ರೆ ನೀರು ಬರುತ್ತೆ ಸರ್. ನೆನಪು ಮಾಡ್ಕೊಳ್ಳೋಕೆ ಏನಿದೆ?"

"ಅದೇ ರೋಗ," ಎಂದರು ಅಧ್ಯಕ್ಷರು. "ಕುತ್ತಿಗೆಗೆ ಬಂದಾಗ ಎಲ್ಲರೂ ಬದಲಾಗ್ತಾರೆ. ಯಾರೂ ಕೇಳದೇ ಇದ್ದಾಗ ಬದಲಾಗೋದು ನಾಯಕತ್ವ."

"ಬದಲಾಗಿ ಏನಾಗ್ಬೇಕು ಸರ್?"

"ಅದು ಬದಲಾದ ಮೇಲೆ ಗೊತ್ತಾಗುತ್ತೆ."

ಮರುವಾರ ಪ್ರಕಟಣೆ ಹೊರಬಿತ್ತು: "ನೀರಿನೊಂದಿಗೆ ನಾಗರಿಕರ ಬಾಂಧವ್ಯವನ್ನು ವೃದ್ಧಿಸುವ ಸಲುವಾಗಿ, ಇನ್ನು ಮುಂದೆ ನೀರು ಮುನ್ಸೂಚನೆಯಿಲ್ಲದೆ ಬರತಕ್ಕದ್ದು. ಕಾಯುವಿಕೆಯನ್ನು ಸೇವೆಯ ಭಾಗವೆಂದೇ ಪರಿಗಣಿಸತಕ್ಕದ್ದು."

ಊರಿಗೆ ನೀರು ಬಿಡುವ ಮುಖ್ಯ ವಾಲ್ವ್ ಯಾವತ್ತೂ ಮುಚ್ಚಿದ್ದೇ ಅಲ್ಲ. ಚಕ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಇಬ್ಬರು ಸಹಾಯಕರು ಜೋತುಬಿದ್ದ ಮೇಲೆ ಸುಧಾರಣೆ ಜಾರಿಗೆ ಬಂತು.

ದೂರುಗಳು ಹರಿದುಬಂದವು. ಪೆಟ್ಟಿಗೆ ಸಾಲದೆ ಡ್ರಮ್ಮುಗಳನ್ನು ಇಡಿಸಲಾಯಿತು. ಹೇಗೂ ಅವು ಖಾಲಿ ಇದ್ದವು. "ನೋಡಿ, ಸಂಸ್ಥೆಗೆ ಜೀವ ಬಂತು," ಎಂದು ಅಧ್ಯಕ್ಷರು ದೂರು ವಿಭಾಗಕ್ಕೆ ಎರಡು ಮಹಡಿ ಮಂಜೂರು ಮಾಡಿದರು.

ಮನೆಯಲ್ಲಿ ಮೇಲ್ವಿಚಾರಕಿಯ ತಾಯಿ ಗೊಣಗಿದಳು. "ಮುಚ್ಚೋಳು ನೀನೇ ಅಲ್ವೇನೇ? ಯಾವಾಗ ಬಿಡ್ತೀಯ ಅಂತ ನನ್ನ ಕಿವೀಲಾದ್ರೂ ಹೇಳು."

"ಹೇಳಿದ್ರೆ ಬಾಂಧವ್ಯ ಕೆಡುತ್ತಂತಮ್ಮ."

ಬೀದಿ ನಲ್ಲಿಯಿಂದ ಬಿಂದಿಗೆ ಹೊತ್ತು ಮೆಟ್ಟಿಲು ಹತ್ತುವಾಗ ತಾಯಿ ಜಾರಿಬಿದ್ದು ಕೈ ಮುರಿದುಕೊಂಡಳು. ಮಗಳು ಅಧ್ಯಕ್ಷರ ಮುಂದೆ ನಿಂತು, ನೀರನ್ನು ಮೊದಲಿನಂತೆ ಬಿಡಬಹುದೇ ಎಂದು ಕೇಳಿದಳು. ಅಧ್ಯಕ್ಷರ ಕಣ್ಣಲ್ಲೂ ನೀರಾಡಿತು. "ಪಾಪ. ಆದ್ರೆ ಹಿಂದಕ್ಕೆ ಹೋಗೋದನ್ನ ಬದಲಾವಣೆ ಅನ್ನೋಕಾಗಲ್ಲಮ್ಮ."

ಆಕೆಗೆ ರೇಗಿತು. ನೌಕರಿ ಹೋದರೆ ಹೋಗಲಿ ಎಂದು, ಯಾರನ್ನೂ ಕೇಳದೆ ವಾಲ್ವ್ ಪೂರ್ತಿ ತೆರೆದುಬಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ಊರಿಗೆ ಊರೇ ಮಂಡಳಿಯ ಮುಂದೆ ಸೇರಿತ್ತು. ನೀರು ನಿಲ್ಲುತ್ತಲೇ ಇಲ್ಲ, ಒಳಗೆ ಏನೋ ಕೆಟ್ಟಿದೆ ಎಂಬುದು ಅವರ ದೂರು. ತುಂಬಿಸಿಡಲು ಪಾತ್ರೆ ಉಳಿದಿಲ್ಲ, ಬಿಟ್ಟು ಮಲಗೋಣವೆಂದರೆ ಜೀವ ತಡೆಯುವುದಿಲ್ಲ. ಕೆಲವರು ಚಹಾ ಲೋಟಗಳಿಗೂ ಹಿಡಿದಿಟ್ಟಿದ್ದರು. ಗುಂಪಿನ ಮುಂದೆ ಪ್ಲಾಸ್ಟರು ಹಾಕಿದ ಕೈಯ ತಾಯಿ.

"ನಿಲ್ಲಿಸೇ ಮಾರಾಯ್ತಿ. ಬೆಳಗ್ಗೆಯಿಂದ ಒಂದೇ ಕೈಯಲ್ಲಿ ಹಿಡೀತಾ ಇದೀನಿ."

ಮೇಲ್ವಿಚಾರಕಿ ಅಮ್ಮನ ಮುಖ ನೋಡಿದಳು. ತಮಾಷೆ ಮಾಡುತ್ತಿರಲಿಲ್ಲ. ಒಳಗೆ ಹೋಗಿ ಚಕ್ರ ತಿರುಗಿಸಿದಳು. ಈ ಸಲ ಯಾರ ಸಹಾಯವೂ ಬೇಕಾಗಲಿಲ್ಲ.

ಹೊರಗೆ ಜನ ನಿರಾಳವಾಗಿ ಉಸಿರುಬಿಟ್ಟರು. ಆಮೇಲೆ ಬೀದಿ ನಲ್ಲಿಯ ಮುಂದೆ ಸಾಲುಗಟ್ಟಿ, ಮುಂದಿನ ನೀರಿಗೆ ಕಾಯಲು ನಿಂತರು.